ಮೋತಿ ಡೊಂಗರ್ ಕಡೆಯ ಗೇಟು

ಫಾತೋರ್ಡಾ, ಮಡಗಾಂವ
೨೦ ನವೆಂಬರ್ ೨೦೨೪, ಬುಧವಾರ

ಪದ್ಮಶ್ರೀಯ ಅಪ್ಪನವರಿಗೆ ಶುಭಾಳ ನಮಸ್ಕಾರ.

ಹೆಸರು ಹಿಡಿದೇ ಬರೆಯೋಣ ಎಂದು ಪೆನ್ನು ಎತ್ತಿಕೊಂಡೆ. ಮದುವೆಯಾದಂದಿನಿಂದ ನಾಲಿಗೆಯ ಮೇಲೆ ಬರದ ಹೆಸರು ಕಾಗದದ ಮೇಲೂ ಬರಲಿಲ್ಲ. ಉಳಿದೆಲ್ಲದರಲ್ಲಿ ನಾನು ಬದಲಾಗಿದ್ದೇನೆ ಎಂದು ನೀವು ದೂರುತ್ತೀರಿ. ಇದೊಂದರಲ್ಲಿ ಹಳೆಯವಳೇ ಇದ್ದೇನೆ, ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳಿ.

ನೌಕರಿಯುದ್ದಕ್ಕೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರಿಗೆಲ್ಲ ಲೈನು ಜೋಡಿಸಿಕೊಟ್ಟವಳು ನಾನು. ಈಗ ಸ್ವಂತ ಗಂಡ ನನ್ನ ಫೋನು ಎತ್ತುವುದಿಲ್ಲ. ಹೇಳುವುದನ್ನೆಲ್ಲ ಮಗಳ ಕಡೆಯಿಂದ ಹೇಳಿಸುತ್ತೀರಿ. ಪಾಪ, ಪದ್ಮಶ್ರೀ ಕಾರವಾರದಲ್ಲಿ ತನ್ನ ದವಾಖಾನೆಯ ಕೆಲಸದ ನಡುವೆ ನಮ್ಮಿಬ್ಬರ ಮಾತು ಹೊತ್ತು ಸುಸ್ತಾಗಿದ್ದಾಳೆ. ಮೊನ್ನೆ ಅವಳು ನಿಮ್ಮ ಮಾತು ತಲುಪಿಸಿದಳು: ಅಮ್ಮ ಸೊಸೈಟಿಗೆ ಒಂದು ಕ್ಷಮಾಪಣೆ ಬರೆದುಕೊಡಲಿ, ಮರುದಿನವೇ ನಾನು ಬೆಳಗಾವಿ ಬಿಟ್ಟು ಮನೆಗೆ ಬರುತ್ತೇನೆ.

ನನ್ನ ಉತ್ತರ ಇಲ್ಲ ಎಂದು. ಅಷ್ಟೇ ಬರೆದು ಕವರು ಅಂಟಿಸಬಹುದಿತ್ತು. ಆದರೆ ನಿಮ್ಮ ತಮ್ಮನ ಮನೆಯಲ್ಲಿ ಕೂತು ನೀವು ಈ ಕಥೆಯನ್ನು ಹೇಗೆ ಹೇಳುತ್ತಿರಬಹುದು ಎಂದು ನನಗೆ ಗೊತ್ತು. ಹೆಂಡತಿಗೆ ಮುಪ್ಪಿನಲ್ಲಿ ಪುಢಾರಿಕೆಯ ಹುಚ್ಚು ಹತ್ತಿತು ಎಂದು ಹೇಳುತ್ತಿರುತ್ತೀರಿ. ಆದ್ದರಿಂದ ನಡೆದದ್ದನ್ನು ನಡೆದಂತೆ ಒಮ್ಮೆ ಬರೆದಿಡುತ್ತೇನೆ. ಬೇಕಾದರೆ ಅವರಿಗೂ ಓದಿ ಹೇಳಿ.

ಮೊದಲು ನಿಮ್ಮ ಪಾಲಿನ ಮೆಚ್ಚುಗೆ ನಿಮಗೆ ಸಲ್ಲಲಿ. ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಆ ರೈಲು ದಾರಿ ಪಾರ್ಕ್ ಆದದ್ದು ನಿಮ್ಮಿಂದ. ನಾವು ಗೋವೆಗೆ ಬಂದ ಹೊಸದರಲ್ಲಿ ಆ ಹಳಿಯ ಮೇಲೆ ಗೋದಾಮಿಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಆ ಕವಲನ್ನು ಕೈಬಿಟ್ಟರು. ಆಮೇಲೆ ವರ್ಷಗಟ್ಟಲೆ ಅಲ್ಲಿ ಇದ್ದದ್ದು ಮುಳ್ಳುಕಂಟಿ, ಒಡೆದ ಬಾಟಲಿ, ಹಾವು. ರಿಟೈರಾದ ಮೇಲೆ ಉಳಿದ ಗಂಡಸರು ಟೀವಿ ಮುಂದೆ ಕೂತರು, ನೀವು ಟೇಪು ಹಿಡಿದುಕೊಂಡು ಆ ಕಂಟಿಯೊಳಗೆ ನುಗ್ಗಿದಿರಿ. ರೈಲ್ವೆಯವರ ಬಳಿ, ಪಾಲಿಕೆಯವರ ಬಳಿ, ಶಾಸಕರ ಬಳಿ ಅಲೆದಿರಿ. ಪ್ಯಾಂಟಿಗೆಲ್ಲ ಉತ್ತರಾಣಿ ಬೀಜ ಅಂಟಿಸಿಕೊಂಡು ಮನೆಗೆ ಬಂದು ಚಹಾ ಕುಡಿಯುತ್ತಾ, ಹಳಿ ಕೀಳಬಾರದು, ಹಳಿಯ ನಡುವೆಯೇ ಹೂವು ಹಾಕಬೇಕು ಎಂದು ಹೇಳುತ್ತಿದ್ದಿರಿ. ಆ ದಿನಗಳಲ್ಲಿ ನನಗೆ ನಿಮ್ಮ ಮೇಲೆ ಎಷ್ಟು ಅಭಿಮಾನವಿತ್ತು ಎಂದು ಆಗ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಆದರೆ ಆ ದಾರಿ ಪಾಳು ಬಿದ್ದಿತ್ತು ಎಂದು ನೀವು ಎಲ್ಲ ಕಡೆ ಹೇಳಿದ್ದು ಅರ್ಧ ನಿಜ. ಆಚೆಯ ಗುಡ್ಡ ಮೋತಿ ಡೊಂಗರಿನಲ್ಲಿ ನೆಲೆಸಿದ ನಮ್ಮ ಕಡೆಯ ಕೂಲಿಜನ ಅದರ ಮೇಲೆ ದಿನಾ ನಡೆಯುತ್ತಿದ್ದರು. ನಮ್ಮ ವಾಚ್‌ಮನ್ ಪರಮಣ್ಣ ಡ್ಯೂಟಿಗೆ ಬರುತ್ತಿದ್ದದ್ದು ಅದೇ ದಾರಿಯಲ್ಲಿ. ಅವನ ಹೆಂಡತಿ ಬಾಳಮ್ಮ ಕಟ್ಟಡದ ಕೆಲಸಕ್ಕೆ, ಹಜರತಬಿ ತರಕಾರಿ ಬುಟ್ಟಿ ಹೊತ್ತು ನಮ್ಮ ಬಾಗಿಲಿಗೆ ಬರುತ್ತಿದ್ದದ್ದೂ ಆ ಹಳಿಯ ಪಕ್ಕದ ಕಾಲುದಾರಿಯಲ್ಲಿಯೇ. ಹಾವು ಕಂಡರೆ ಕಾಲು ಅಪ್ಪಳಿಸುತ್ತಾ, ಹಾಡು ಹೇಳಿಕೊಳ್ಳುತ್ತಾ ಬರುತ್ತಿದ್ದರು.

ಪಾಲಿಕೆಯವರು ನಿಮಗೆ, ಒಂದು ಸೊಸೈಟಿಯ ಬೇಡಿಕೆ ಸಾಲದು, ಸಾರ್ವಜನಿಕರ ಸಹಿ ತನ್ನಿ ಎಂದಾಗ ನಿಮಗೆ ಆ ಗುಡ್ಡ ನೆನಪಾಯಿತು. ನನ್ನನ್ನೂ ಕರೆದುಕೊಂಡು ಹೋದಿರಿ. ಬಾಳಮ್ಮನ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ನೀವು ಮಾತಾಡಿದಿರಿ. ಮನೆಯಲ್ಲಿಯೂ ನೀವು ಅಷ್ಟು ಚೆಂದ ಧಾರವಾಡದ ಮಾತು ಆಡಿದ್ದು ನಾನು ಕೇಳಿಲ್ಲ. "ಇದು ಬರೇ ಸೊಸೈಟಿಯವರ ಪಾರ್ಕ್ ಅಲ್ಲವಾ. ನಿಮ್ಮದೂ ಹೌದು. ನಿಮ್ಮ ಮಕ್ಕಳು ಇಲ್ಲಿ ಆಡತಾವ, ನೀವು ದಣದು ಬಂದು ಇಲ್ಲಿ ಕೂಡತೀರಿ" ಎಂದಿರಿ. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಕಂಟಿ ಕಡಿಯುವ ಕೆಲಸ ಶುರುವಾದಾಗ ಗುತ್ತಿಗೆದಾರ ಬರದ ಭಾನುವಾರಗಳಲ್ಲಿ ಆ ಹೆಂಗಸರು ಕೂಲಿ ಇಲ್ಲದೆ ಬಂದರು. ಬಾಳಮ್ಮನ ಕೈಯಲ್ಲಿ ಮುರಿದ ಮುಳ್ಳನ್ನು ನಮ್ಮ ಅಡುಗೆಮನೆಯಲ್ಲಿ ಕೂಡಿಸಿ ಸೂಜಿಯಿಂದ ತೆಗೆದವಳು ನಾನು. ನೀವು ಟಾರ್ಚು ಹಿಡಿದಿದ್ದಿರಿ.

ಪಾರ್ಕ್ ಸಿದ್ಧವಾಯಿತು. ನೋಡಿಕೊಳ್ಳುವ ಜವಾಬ್ದಾರಿಯನ್ನು ಪಾಲಿಕೆ ನಮ್ಮ ಸೊಸೈಟಿಗೆ ಒಪ್ಪಿಸಿತು, ಚೇರ್‌ಮನ್ ನೀವು. ಅಲ್ಲಿಂದ ಮುಂದೆ ನೀವು ನನಗೆ ತಿಳಿಯದ ಮನುಷ್ಯನಾದಿರಿ. ಎರಡು ಲೈಟು ಕಳುವಾದವು, ಯಾರೋ ಬೆಂಚಿನ ಮೇಲೆ ಕೂತು ಕುಡಿದರು. ಅದು ಸುಳ್ಳಲ್ಲ. ಅದಕ್ಕೆ ಸೊಸೈಟಿಯ ಮೀಟಿಂಗು ಕಂಡುಕೊಂಡ ಮದ್ದು ಎಂದರೆ ನಿವಾಸಿಗಳಿಗೆ ಪಾಸು, ಉಳಿದವರಿಗೆ ಪ್ರವೇಶವಿಲ್ಲ, ಮೋತಿ ಡೊಂಗರ್ ಕಡೆಯ ಗೇಟಿಗೆ ಕಾಯಂ ಬೀಗ. ಕುಡಿದವರು ಗುಡ್ಡದವರೇ ಎಂದು ಹೇಗೆ ಗೊತ್ತು ಎಂದು ನಾನು ಕೇಳಿದೆ. ಆಗ ನೀವು ಎಲ್ಲರ ಮುಂದೆ ಅಂದ ಮಾತು ನೆನಪಿದೆಯೇ? ಈ ಘಾಂಟಿಗಳನ್ನು ಒಳಗೆ ಬಿಟ್ಟರೆ ಪಾರ್ಕ್ ಉಳಿಯುವುದಿಲ್ಲ ಎಂದಿರಿ.

ಘಾಂಟಿ. ಘಟ್ಟದ ಆಚೆಯಿಂದ ಹೊಟ್ಟೆಪಾಡಿಗೆ ಬಂದವರನ್ನು ಇಲ್ಲಿ ಹಂಗಿಸುವ ಮಾತು ಅದು. ನಿಮಗೆ ಬಂದರಿನಲ್ಲಿ ನೌಕರಿ ಸಿಕ್ಕ ಹೊಸದರಲ್ಲಿ ನಾವು ಬಾಡಿಗೆ ಮನೆ ಹುಡುಕುತ್ತಾ ವಾಸ್ಕೋದಲ್ಲಿ ಒಂದು ಬಾಗಿಲು ತಟ್ಟಿದ್ದೆವು. ಆ ಮನೆಯಾಕೆ ನಮ್ಮ ಮಾತು ಕೇಳಿ ಒಳಗಿದ್ದ ಗಂಡನಿಗೆ ಆ ಒಂದು ಶಬ್ದ ಹೇಳಿ ಬಾಗಿಲು ಹಾಕಿಕೊಂಡಳು. ಪದ್ಮಶ್ರೀ ಆಗ ನನ್ನ ಕಂಕುಳಲ್ಲಿದ್ದಳು. ಅವತ್ತು ನೀವು ಊಟ ಮಾಡಲಿಲ್ಲ. ಅದೇ ಶಬ್ದವನ್ನು ನೀವು ನಮ್ಮವರ ಮೇಲೆ ಎಸೆದಾಗ ಮೀಟಿಂಗಿನಲ್ಲಿ ಕೂತ ಗೋವೆಯವರು ನಕ್ಕರು. ಅವರು ನಕ್ಕದ್ದು ಯಾರನ್ನು ಎಂದು ನೀವು ಯೋಚಿಸಲಿಲ್ಲ.

ಉದ್ಘಾಟನೆ ಜನವರಿಯಲ್ಲಿ ಆಯಿತು. ಗುಡ್ಡದವರಿಗೆ ಪಾಸಿನ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ನೀವು ಹೇಳುತ್ತೀರಿ ಎಂದು ನಾನು ತಿಳಿದಿದ್ದೆ, ಪರಮಣ್ಣ ಹೇಳಿರುತ್ತಾನೆ ಎಂದು ನೀವು ತಿಳಿದಿರಿ. ಹೆಂಡತಿಗೆ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಬಾಳಮ್ಮ, ಹಜರತಬಿ, ಲಮಾಣಿಗರ ಲಾಲಿಬಾಯಿ, ಇನ್ನೂ ಅನೇಕರು ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟುಕೊಂಡು ಬಂದು ಗುಡ್ಡದ ಕಡೆಯ ಗೇಟಿನ ಬೀಗ ನೋಡಿದರು. ಏನೋ ಮರೆತಿದ್ದಾರೆ ಎಂದುಕೊಂಡು ಹೈವೇ ಸುತ್ತು ಹಾಕಿ ನಮ್ಮ ಕಡೆಯ ಗೇಟಿಗೆ ಬಂದರು. ಅಲ್ಲಿ ಪರಮಣ್ಣ ನಿಂತಿದ್ದ.

ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಚೇರ್‌ಮನ್ನರ ಹೆಂಡತಿಯಾಗಿ ಕೂತಿದ್ದೆ. ನೀವು ಮೈಕಿನಲ್ಲಿ ಮಾತಾಡುತ್ತಿದ್ದಿರಿ. ನನ್ನ ಕುರ್ಚಿ ಗೇಟಿಗೆ ಹತ್ತಿರವಿತ್ತು, ಹಾಗಾಗಿ ನಿಮಗೆ ಕೇಳದ್ದು ನನಗೆ ಕೇಳಿತು.

"ಪಾಸ್ ಇಲ್ಲದವರನ್ನ ಬಿಡಬ್ಯಾಡ ಅಂದಾರ. ಮನಿಗೆ ಹೋಗು" ಎಂದ ಪರಮಣ್ಣ. ಅವನು ಹೆಂಡತಿಯ ಮುಖ ನೋಡಲಿಲ್ಲ.

"ಮನ್ಯಾಗ ನನ್ನ ಕೈಲೆ ಉಂಡು ಬಂದಿ. ಇಲ್ಲಿ ನನ್ನ ತಡೀತಿ ಏನು?" ಎಂದಳು ಬಾಳಮ್ಮ.

"ನಾ ತಡ್ಯಾಕತ್ತಿಲ್ಲ. ನೌಕರಿ ತಡ್ಯಾಕತ್ತೈತಿ."

ಆ ಗಂಡ ಹೆಂಡಿರನ್ನು ಹಾಗೆ ಎದುರುಬದುರು ನಿಲ್ಲಿಸಿದ ನೀವು ಮೈಕಿನಲ್ಲಿ ಇದು ಜನರ ಪಾರ್ಕ್ ಎನ್ನುತ್ತಿದ್ದಿರಿ. ನಾನು ಎದ್ದೆ. ನೀರು ಕುಡಿಯಲು ಎದ್ದೆ ಎಂದು ನೀವು ಆಮೇಲೆ ಜನರಿಗೆ ಹೇಳಿದ್ದು ಸುಳ್ಳು. ನನ್ನ ಪಾಸನ್ನು ಪರಮಣ್ಣನ ಕೈಗೆ ಕೊಟ್ಟು ಗೇಟಿನ ಹೊರಗೆ ಹೋಗಿ ಅವರ ಜೊತೆ ನಿಂತೆ. ಬಾಳಮ್ಮ, "ಬ್ಯಾಡ್ರಿ ಬಾಯಾರ, ಸಾಹೇಬ್ರು ಸಿಟ್ಟಾಗ್ತಾರ" ಎಂದಳು. ಆಗಲಿ ಎಂದೆ. ಆ ಪಾಸನ್ನು ನಾನು ಮತ್ತೆ ತೆಗೆದುಕೊಳ್ಳಲಿಲ್ಲ. ನೀವು ದಿನಾ ಬೆಳಿಗ್ಗೆ ಒಳಗೆ ವಾಕಿಂಗ್ ಮಾಡುವಾಗ ನಾನು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತೆ. ನಿಮ್ಮ ಜೊತೆಯವರು ಒಳಗಿನಿಂದ ನಮಸ್ಕಾರ ಮಾಡಿ ತಲೆ ತಗ್ಗಿಸಿ ಹೋಗುತ್ತಿದ್ದರು. ಮನೆಯಲ್ಲಿ ನಾವು ಉಪ್ಪಿನಕಾಯಿ ಬೇಕೇ, ಗೀಸರು ಆರಿಸಲೇ ಎಂಬಷ್ಟೇ ಮಾತಾಡಿದೆವು.

ಅಷ್ಟರಲ್ಲೇ ಮುಗಿದಿದ್ದರೆ ಬಹುಶಃ ನಾನು ಕಲ್ಲಿನ ಮೇಲೆ ಕೂತೇ ಸಾಯುತ್ತಿದ್ದೆ, ಗೇಟು ಹಾಗೇ ಇರುತ್ತಿತ್ತು. ಆದರೆ ಮಳೆಗಾಲ ಬಂತು. ದಾರಿ ಮುಚ್ಚಿದ್ದರಿಂದ ಗುಡ್ಡದವರೆಲ್ಲ ಹೈವೇ ಅಂಚಿನಲ್ಲಿ ನಡೆಯುತ್ತಿದ್ದರಲ್ಲ, ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಜೋರು ಮಳೆಯಲ್ಲಿ ಟಿಪ್ಪರ್ ಒಂದು ಲಾಲಿಬಾಯಿಯನ್ನು ಗುದ್ದಿ ಗಟಾರಕ್ಕೆ ಎಸೆಯಿತು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವಳು ಅಳಲಿಲ್ಲ, ನರಳಲಿಲ್ಲ. ನನ್ನ ಕೈ ಹಿಡಿದು, "ಹಳಿ ಮ್ಯಾಲ ಹೋಗಿದ್ರ ಗಾಡಿ ಬರ್ತಿದ್ದಿಲ್ಲಲ್ರಿ, ಬಾಯಾರ" ಎಂದಳು.

ಅದನ್ನು ನಾನು ಮನೆಗೆ ಬಂದು ನಿಮಗೆ ಹೇಳಿದೆ. ಗುಡ್ಡದ ಗೇಟನ್ನು ಬರೀ ಬೆಳಿಗ್ಗೆ ಸಂಜೆ ಆದರೂ ತೆಗೆಸಿ ಎಂದು ಕೇಳಿಕೊಂಡೆ. ಹೌದು, ಕೇಳಿಕೊಂಡೆ. ಸೋಫಾದ ಪಕ್ಕ ನಿಂತು ಬೇಡಿದೆ. ನೀವು ಪೇಪರು ಮಡಚದೆ, "ಮುಂದಿನ ಮೀಟಿಂಗಿನ್ಯಾಗ ನೋಡೂಣು" ಎಂದಿರಿ.

ಮುಂದಿನ ಮೀಟಿಂಗಿನವರೆಗೆ ಇನ್ನೊಬ್ಬಳ ಕಾಲು ಮುರಿಯಬಾರದೆಂದು ನಾನು ಮರುದಿನವೇ ಗೇಟು ಬಿಚ್ಚಿಸಿದೆ. ಒಡೆಸಲಿಲ್ಲ, ಬಿಚ್ಚಿಸಿದೆ. ನೀವು ಎಲ್ಲರಿಗೂ ಒಡೆದರು ಎಂದು ಹೇಳುತ್ತಿರುವುದರಿಂದ ಇದನ್ನು ಸ್ಪಷ್ಟ ಮಾಡಬೇಕು. ಬಾಳಮ್ಮ ತನ್ನ ಸೈಟಿನಿಂದ ಪಾನಾ ತಂದಳು, ಹಜರತಬಿ ಎಣ್ಣೆ ಬಿಟ್ಟಳು, ಬೋಲ್ಟು ಬಿಚ್ಚಿ ಗೇಟನ್ನು ಕಂಪೌಂಡಿಗೆ ಒರಗಿಸಿದೆವು. ಹಾಡುಹಗಲು, ಎಲ್ಲರೂ ನೋಡುತ್ತಿರುವಾಗ. ಬೀಗ ಹಾಕಿದಂತೆಯೇ ಇತ್ತು. ಒಂದು ಗಿಡದ ಎಲೆಯೂ ಉದುರಲಿಲ್ಲ. ಹೆಂಗಸರು ಸಾಲಾಗಿ ಒಳಗೆ ಬಂದರು. ಯಾರೂ ಘೋಷಣೆ ಕೂಗಲಿಲ್ಲ. ಕೆಲಸಕ್ಕೆ ತಡವಾಗಿತ್ತು, ಎಲ್ಲರೂ ಬೇಗ ಬೇಗ ನಡೆದುಹೋದರು.

ಸೊಸೈಟಿ ಪೊಲೀಸರಿಗೆ ಫೋನು ಮಾಡಿತು. ಬಾಳಮ್ಮ, ಹಜರತಬಿ ಮತ್ತು ನಾನು ಠಾಣೆಯ ಬೆಂಚಿನ ಮೇಲೆ ಕೂತೆವು. ಆಮೇಲೆ ನೀವು ಬಂದಿರಿ. ನಿಮ್ಮನ್ನು ನೋಡಿ ನನಗೆ ಎಷ್ಟು ಧೈರ್ಯ ಬಂತು ಎಂದು ನಿಮಗೆ ತಿಳಿಯಲಿಕ್ಕಿಲ್ಲ. ಜಗಳವಾಡಿದರೂ ಬಂದರಲ್ಲ ಎಂದುಕೊಂಡೆ. ನೀವು ನನ್ನ ಕಡೆ ನೋಡದೆ ಇನ್ಸ್‌ಪೆಕ್ಟರ ಮೇಜಿನ ಬಳಿ ಹೋಗಿ ಕೊಂಕಣಿಯಲ್ಲಿ ಹೇಳಿದಿರಿ: ನನ್ನ ಹೆಂಡತಿಗೆ ಈಚೆಗೆ ತಲೆ ಸರಿ ಇಲ್ಲ, ರಿಟೈರಾದ ಮೇಲೆ ಹೀಗಾಗಿದೆ, ಆ ಹೆಂಗಸರು ಅವಳನ್ನು ಮುಂದೆ ಮಾಡಿಕೊಂಡಿದ್ದಾರೆ, ಅವಳನ್ನು ಬಿಟ್ಟುಬಿಡಿ.

ನನ್ನನ್ನು ಬಿಡಿಸುವುದಕ್ಕೇ ಹೇಳಿದಿರಿ. ಅದು ನನಗೆ ಅವತ್ತೂ ಗೊತ್ತಿತ್ತು, ಇವತ್ತೂ ಗೊತ್ತಿದೆ. ಇನ್ಸ್‌ಪೆಕ್ಟರು ನೀವು ಹೋಗಬಹುದು ಬಾಯಿ ಎಂದರು, ಉಳಿದಿಬ್ಬರು ಇರಲಿ ಎಂದರು. ಬಾಳಮ್ಮ ನನ್ನ ಮುಖ ನೋಡಿದಳು. ನಾನು ಎದ್ದು ನಿಮ್ಮ ಹಿಂದೆ ಬಂದಿದ್ದರೆ ಇವತ್ತು ನೀವು ಈ ಮನೆಯಲ್ಲಿ ಇರುತ್ತಿದ್ದಿರಿ, ನಾನು ಇದ್ದೂ ಇಲ್ಲದಂತೆ ಇರುತ್ತಿದ್ದೆ. ನನ್ನ ತಲೆ ಸರಿಯಾಗಿದೆ, ಬೋಲ್ಟು ಬಿಚ್ಚಿ ಎಂದು ಹೇಳಿದವಳು ನಾನೇ, ಇವರನ್ನು ಕೂಡಿಸಿದರೆ ನನ್ನನ್ನೂ ಕೂಡಿಸಿ ಎಂದು ನಾನೂ ಕೊಂಕಣಿಯಲ್ಲಿಯೇ ಹೇಳಿದೆ. ನೀವು ಹೊರಟುಹೋದಿರಿ. ಸಂಜೆ ಮೂವರನ್ನೂ ಬಿಟ್ಟರು. ಮನೆಗೆ ಬಂದರೆ ನೀವು ಬ್ಯಾಗು ತುಂಬುತ್ತಿದ್ದಿರಿ.

"ಮಂದಿ ಮುಂದ ನನ್ನ ಮಾನಾ ಕಳದಿ" ಎಂದಿರಿ.

"ನೀವು ನನ್ನ ತಲೀನ ಕಳದ್ರಿ" ಎಂದೆ.

ಅದಾದ ಮೇಲೆ ನಾವು ಮಾತಾಡಿಲ್ಲ.

ಮುಂದಿನದನ್ನು ನೀವು ನೋಡಿಲ್ಲ, ಆದ್ದರಿಂದ ಹೇಳುತ್ತೇನೆ. ಆಗಸ್ಟಿನಲ್ಲಿ ಗೇಟಿನ ತಕರಾರಿನ ವಿಚಾರಣೆಗೆ ಪಾಲಿಕೆಯವರು ಎರಡೂ ಕಡೆಯವರನ್ನು ಕರೆಸಿದರು. ನಿಮ್ಮ ಬದಲು ಸೊಸೈಟಿಯ ಕಾರ್ಯದರ್ಶಿ ಬಂದು ಸ್ವಚ್ಛತೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಗುಡ್ಡದಿಂದ ಎಷ್ಟು ಜನ ಬಂದಿದ್ದರೆಂದರೆ ಮೆಟ್ಟಿಲ ಮೇಲೂ ನಿಂತಿದ್ದರು. ಒಂದು ದಿನದ ಕೂಲಿ ಬಿಟ್ಟು ಬಂದವರು. ನಾನು ಏನೇನೋ ಬರೆದುಕೊಂಡು ಹೋಗಿದ್ದೆ. ನನ್ನ ಸರದಿಗೆ ಮೊದಲು ಹಜರತಬಿ ಎದ್ದು ನಿಂತಳು. ಅವಳಿಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ, ತರಕಾರಿ ಕೂಗುವ ದನಿಯಲ್ಲಿಯೇ ಕೇಳಿದಳು:

"ಹಾವು ಇದ್ದಾಗ ಇದು ನಮ್ಮ ದಾರಿ ಇತ್ರಿ. ಹೂವು ಬಂದ ಮ್ಯಾಲ ನಿಮ್ಮದು ಹ್ಯಾಂಗ ಆತ್ರಿ?"

ಅದನ್ನು ನಾನು ಕೊಂಕಣಿಗೆ ಮಾಡಿ ಹೇಳಿದೆ. ಪ್ರಾಸ ಉಳಿಯಲಿಲ್ಲ, ಮಾತು ಉಳಿಯಿತು. ನಾನು ಬರೆದುಕೊಂಡು ಹೋದದ್ದನ್ನು ಓದಲೇ ಇಲ್ಲ. ಮುಂದಿನ ತಿಂಗಳು ಪಾರ್ಕಿನ ಉಸ್ತುವಾರಿಯನ್ನು ಪಾಲಿಕೆ ಮರಳಿ ತೆಗೆದುಕೊಂಡಿತು. ಪಾಸು ರದ್ದಾಯಿತು. ಗುಡ್ಡದ ಕಡೆ ಈಗ ಗೇಟೇ ಇಲ್ಲ, ದನ ಬರದಂತೆ ಎರಡು ಕಂಬ ನೆಟ್ಟಿದ್ದಾರೆ. ನಮ್ಮ ಕಡೆಯ ಗೇಟು ಇದೆ, ತೆರೆದಿರುತ್ತದೆ. ಉಸ್ತುವಾರಿ ಸಮಿತಿಯಲ್ಲಿ ಎರಡೂ ಕಡೆಯವರಿದ್ದಾರೆ. ನಾನಿದ್ದೇನೆ, ಬಾಳಮ್ಮನೂ ಇದ್ದಾಳೆ. ಪರಮಣ್ಣನನ್ನು ಸೊಸೈಟಿ ಕೆಲಸದಿಂದ ತೆಗೆಯಿತು. ಈಗ ಉಸಗಾಂವದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಗೆದ್ದೆವು ಎಂದು ಎಲ್ಲರೂ ಅನ್ನುವಾಗ ನನಗೆ ಅವನ ನೆನಪಾಗುತ್ತದೆ.

ಲಾಲಿಬಾಯಿ ಕೋಲು ಹಿಡಿದು ನಡೆಯುತ್ತಾಳೆ. ಕಟ್ಟಡದ ಕೆಲಸ ಇನ್ನು ಅವಳಿಂದಾಗದು. ಸಂಜೆ ಹಳಿಯ ಪಕ್ಕ ಕೂತು ಕಸೂತಿ ಹಾಕುತ್ತಾಳೆ.

ಪಾರ್ಕ್ ನೀವು ಹೆದರಿದಷ್ಟು ಹಾಳಾಗಿಲ್ಲ. ನಾನು ಹೇಳಿಕೊಳ್ಳುವಷ್ಟು ಚೊಕ್ಕವಾಗಿಯೂ ಇಲ್ಲ. ಗುಟಕಾ ಉಗುಳುವವರಿದ್ದಾರೆ, ನಾನು ಬೈಯುತ್ತೇನೆ. ಹೋದ ವಾರ ಕೇಕು ತಿಂದು ಡಬ್ಬಿ ಎಸೆದವರು ನಮ್ಮ ಸೊಸೈಟಿಯವರೇ, ಅವರನ್ನೂ ಬೈದೆ. ಹಳಿಗಳ ನಡುವೆ ನೀವು ಹಾಕಿಸಿದ ಅಬ್ಬಲಿಗೆ ಬಹಳ ಚೆನ್ನಾಗಿ ಬಂದಿದೆ. ಗುಡ್ಡದ ಹೆಂಗಸರು ಕೆಲಸಕ್ಕೆ ಹೋಗುವಾಗ ಒಂದೆರಡು ಕಿತ್ತು ಮುಡಿಯುತ್ತಾರೆ. ಹೂವು ಕೀಳಬಾರದು ಎಂಬ ನಿಮ್ಮ ಫಲಕ ಇನ್ನೂ ಅಲ್ಲಿಯೇ ಇದೆ. ನಾನು ನೋಡಿದರೂ ನೋಡದಂತೆ ಇರುತ್ತೇನೆ.

ಸೊಸೈಟಿಯಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ವಾಟ್ಸಾಪ್ ಗುಂಪಿನಿಂದ ತೆಗೆದಿದ್ದಾರೆ. ಈ ಸಲ ಅರಿಷಿಣ ಕುಂಕುಮಕ್ಕೆ ಯಾರ ಮನೆಯಿಂದಲೂ ಕರೆ ಬರಲಿಲ್ಲ. ನೋವಾಗಲಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ದೀಪಾವಳಿಗೆ ಒಬ್ಬಳಿಗೋಸ್ಕರ ಕರಿಯುವುದು ಏಕೆ ಎಂದು ಚಕ್ಕುಲಿ ಒರಳನ್ನು ಕೆಳಗಿಳಿಸಲೇ ಇಲ್ಲ. ಇದನ್ನು ಓದಿ ನಾನು ಸೋತೆ ಎಂದು ತಿಳಿಯಬೇಡಿ. ಒಂಟಿಯಾಗಿದ್ದೇನೆ, ಸೋತಿಲ್ಲ. ಅವೆರಡೂ ಬೇರೆ.

ಆದ್ದರಿಂದ ಕ್ಷಮಾಪಣೆ ಬರೆಯುವುದಿಲ್ಲ. ಸೊಸೈಟಿಗೂ ಇಲ್ಲ, ನಿಮಗೂ ಇಲ್ಲ. ಆ ಗೇಟನ್ನು ಯಾರಾದರೂ ಮತ್ತೆ ನಿಲ್ಲಿಸಿದರೆ ಮತ್ತೆ ಬಿಚ್ಚಿಸುತ್ತೇನೆ. ನೀವು ನಿಲ್ಲಿಸಿದರೂ ಸರಿ.

ಮನೆ ನಿಮ್ಮದೂ ಹೌದು. ಯಾವಾಗ ಬೇಕಾದರೂ ಬನ್ನಿ, ಬಾಗಿಲು ತೆಗೆಯುತ್ತೇನೆ, ಚಹಾ ಮಾಡುತ್ತೇನೆ. ಆದರೆ ಚಹಾ ಕುಡಿಯುವ ಮೊದಲು ನನ್ನದೂ ಒಂದು ಕರಾರು ಇದೆ. ಠಾಣೆಯಲ್ಲಿ ಅಂದದ್ದನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬೇಕು. ಇನ್ಸ್‌ಪೆಕ್ಟರ ಮುಂದೆ ಬೇಡ, ಸೊಸೈಟಿಯ ಮುಂದೆ ಬೇಡ. ನನ್ನೆದುರು ಕೂತು, ನಿನ್ನ ತಲೆ ಸರಿಯಾಗಿಯೇ ಇತ್ತು ಶುಭಾ ಎಂದು ಹೇಳಬೇಕು. ಹೇಳಲು ಮನಸ್ಸಿಲ್ಲದಿದ್ದರೆ ಬೆಳಗಾವಿಯ ಚಳಿಯಲ್ಲಿಯೇ ಇರಿ. ನಿಮ್ಮ ಕಂದು ಸ್ವೆಟರನ್ನು ಪದ್ಮಶ್ರೀಯ ಕೈಗೆ ಕೊಟ್ಟಿದ್ದೇನೆ. ಬೀಪಿ ಗುಳಿಗೆ ಊಟಕ್ಕೆ ಮುಂಚೆಯೇ ತೆಗೆದುಕೊಳ್ಳಿ.

ಬಗ್ಗದ, ಆದರೂ ನಿಮ್ಮವಳೇ ಆದ,
ಶುಭಾ

ತಾ.ಕ.: ಹೋದ ಭಾನುವಾರ ಮಾಸ್ಕ್ ಹಾಕಿಕೊಂಡು ಪಾರ್ಕಿಗೆ ಬಂದು ಹೋದವರು ನೀವೇ ಎಂದು ನನಗೆ ಗೊತ್ತು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹಾಗೆ ನಡೆಯುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಬಾಳಮ್ಮ ನೋಡಿ ಓಡಿಬಂದು ಹೇಳಿದಳು, ನಾನು ಬಾಲ್ಕನಿಯಲ್ಲಿ ನಿಂತು ನೋಡಿದೆ. ಅಬ್ಬಲಿಗೆಯ ಬಳಿ ಬಹಳ ಹೊತ್ತು ಕೂತಿದ್ದಿರಿ. ಯಾರೋ ಎಸೆದ ಕಾಗದದ ಕಪ್ಪು ಎತ್ತಿ ಬುಟ್ಟಿಗೆ ಹಾಕಿದಿರಿ. ನಮ್ಮ ಬಾಲ್ಕನಿಯ ಕಡೆ ಒಮ್ಮೆ ನೋಡಿ, ಗುಡ್ಡದ ಕಡೆಯಿಂದ ಬಸ್‌ಸ್ಟ್ಯಾಂಡಿಗೆ ಹೋದಿರಿ. ನಾನು ಕೂಗಲಿಲ್ಲ. ಒಂದೇ ಒಂದು ಕೇಳುತ್ತೇನೆ: ನೀವು ಈಗ ಈ ಸೊಸೈಟಿಯಲ್ಲಿ ಇರುವವರಲ್ಲ, ಬೆಳಗಾವಿಯವರು. ಒಳಗೆ ಬರುವಾಗ ಯಾರಾದರೂ ನಿಮ್ಮ ಪಾಸು ಕೇಳಿದರೇ?